ಉಗ್ಗುವ ಮಗು ಹಟ ಮಾಡುತ್ತಿಲ್ಲ

ಹಾಜರಿ ಕರೆಯುವಾಗ ತನ್ನ ಸರದಿ ಹತ್ತಿರವಾದಂತೆ ಬೆವರುವ ಮಗುವನ್ನು ನೀವು ಕಂಡಿದ್ದೀರಾ? ಕಾರವಾರದ ಹಣಕೋಣದಲ್ಲಿ ಕಲಿಸುವ ನನಗೆ ಅಂಥ ಒಬ್ಬ ಹುಡುಗನ ಪರಿಚಯವಿದೆ. 'ಹಾಜರ್' ಎನ್ನಲು ಹೊರಟರೆ ಮೊದಲ ಅಕ್ಷರವೇ ಗಂಟಲಲ್ಲಿ ನಿಲ್ಲುತ್ತದೆ. ಆದರೆ ಎಲ್ಲರೊಂದಿಗೆ ದನಿಗೂಡಿಸಿ ಸೂರಃ ಓದುವಾಗ ಎಲ್ಲೂ ತಡವರಿಸುವುದಿಲ್ಲ. ಹಾಗಾದರೆ ಇವನು ಬೇಕೆಂದೇ ಹೀಗೆ ಮಾಡುತ್ತಾನೆಯೇ ಎಂಬುದು ಅವನ ತಾಯಿಯ ಪ್ರಶ್ನೆ.

ಖಂಡಿತ ಅಲ್ಲ. ಒಟ್ಟಾಗಿ ಓದುವಾಗ, ಹಾಡುವಾಗ ಉಗ್ಗು ಬಹುಮಟ್ಟಿಗೆ ಮರೆಯಾಗುವುದು ಈ ತೊಂದರೆಯ ಸ್ವಭಾವ. ಆದ್ದರಿಂದಲೇ ವಾಕ್ ಚಿಕಿತ್ಸಕರು ಬರೇ ಓದಿಸಿ ತೀರ್ಮಾನಿಸುವುದಿಲ್ಲ. ಮಗುವಿನೊಂದಿಗೆ ಆಡುತ್ತಾ, ಕತೆ ಹೇಳಿಸುತ್ತಾ ಮಾತನ್ನು ದಾಖಲಿಸಿಕೊಳ್ಳುತ್ತಾರೆ. ನೂರು ಅಕ್ಷರಗಳಲ್ಲಿ ಎಷ್ಟು ಕಡೆ ತಡೆಯಾಯಿತು, ಅಕ್ಷರ ಮರುಕಳಿಸಿತೇ, ಎಳೆಯಿತೇ, ಸದ್ದೇ ಹೊರಡದೆ ನಿಂತಿತೇ ಎಂದು ಎಣಿಸುತ್ತಾರೆ. ಕಣ್ಣು ಮಿಟುಕಿಸುವುದು, ತಲೆ ಕೊಡಹುವುದನ್ನೂ ಗಮನಿಸುತ್ತಾರೆ. ಯಾವಾಗ ಶುರುವಾಯಿತು, ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ನಮ್ಮ ಕಡೆ ಮನೆಯಲ್ಲಿ ಕೊಂಕಣಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ. ಹಾಗಾಗಿ ಎರಡೂ ಭಾಷೆಯ ಮಾತನ್ನು ಕೇಳಬೇಕು. ಹೊಸ ಭಾಷೆಯಲ್ಲಿ ಪದ ಹುಡುಕುವ ತಡವರಿಕೆ ಬೇರೆ, ಉಗ್ಗು ಬೇರೆ.

ದೊಡ್ಡವರ ವಿಷಯದಲ್ಲಿ ಈ ಎಣಿಕೆ ಸಾಲದು. ಕಷ್ಟದ ಪದ ಬಿಟ್ಟು ಬೇರೆ ಪದ ಬಳಸುವವರಿದ್ದಾರೆ. ಫೋನ್ ಎತ್ತಲು ಹೆದರುವವರಿದ್ದಾರೆ. ಕೇಳುವವರಿಗೆ ಉಗ್ಗು ಕಾಣಿಸದು, ಆದರೆ ಅದು ಅವರ ಬದುಕನ್ನು ಕಿರಿದಾಗಿಸಿರುತ್ತದೆ. ಅದಕ್ಕಾಗಿ ಭಯ, ಸಂಕೋಚ, ತಪ್ಪಿಸಿಕೊಳ್ಳುವ ಅಭ್ಯಾಸಗಳ ಬಗ್ಗೆಯೂ ಪ್ರಶ್ನೆಗಳಿರುತ್ತವೆ.

ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಕಾಣಿಸಿಕೊಳ್ಳುವ ಉಗ್ಗು ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಆದರೆ ಆರು ತಿಂಗಳು ದಾಟಿದರೆ, ಕುಟುಂಬದಲ್ಲಿ ಬೇರೆಯವರಿಗೂ ಇದ್ದರೆ, ಮಗು ಮಾತಿಗೇ ಅಂಜತೊಡಗಿದರೆ ಕಾಯಬೇಡಿ. ನಾಲಗೆಗೆ ಬಜೆ ತೇಯ್ದು ಸವರುತ್ತಾ ವರ್ಷ ಕಳೆಯಬೇಡಿ. ಜಿಲ್ಲಾ ಕೇಂದ್ರದ ಸರಕಾರಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ, ಮಗು ಮನೆಯಲ್ಲಿ ಸಹಜವಾಗಿ ಮಾತಾಡಿದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಒಯ್ಯಿರಿ. ಅಪರಿಚಿತರ ಮುಂದೆ ಮಗು ಬಾಯಿ ಬಿಡದಿದ್ದರೆ ಅದು ನೆರವಾಗುತ್ತದೆ.

ಪ್ರವಾದಿ ಮೂಸಾ(ಅ)ರು ತಮ್ಮ ಮಾತು ಸರಾಗವಾಗಲೆಂದು ಪ್ರಾರ್ಥಿಸಿದ್ದರು. ಜೊತೆಗೆ ಸಹೋದರ ಹಾರೂನ್(ಅ)ರ ನೆರವನ್ನೂ ಕೋರಿದ್ದರು. ನೆರವು ಕೇಳುವುದರಲ್ಲಿ ನಾಚಿಕೆಯೇನಿದೆ? ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಮಗುವಿನ ಮಾತನ್ನು ನೀವು ಪೂರ್ತಿ ಮಾಡಬೇಡಿ, 'ಸರಿಯಾಗಿ ಹೇಳು' ಎಂದು ಗದರಬೇಡಿ. ಮುಖ ನೋಡುತ್ತಾ, ಅದು ಹೇಳಿ ಮುಗಿಸುವ ತನಕ ಕೇಳಿ.