ತಲೆಯ ಮೇಲಿನ ಮಳೆ

ಸಾಗರದ ಸಮೀಪದ ಒಂದು ಹೆಂಚಿನ ಮನೆಗೆ ಹೋಂ ಥಿಯೇಟರ್ ತರುವುದೆಂದು ನಿಶ್ಚಯವಾಯಿತು. ಅಪ್ಪನ ಕೈಗೆ ಅಡಿಕೆಯ ಹಣ ಬಂದಿತ್ತು. ಹತ್ತನೆಯ ತರಗತಿಯ ಮಗಳಿಗೆ ತಲೆಯ ಮೇಲೂ ಸ್ಪೀಕರ್ ಬೇಕಿತ್ತು. ಚಿತ್ರದಲ್ಲಿ ಮಳೆ ಬಂದರೆ ಮೇಲಿನಿಂದಲೇ ಕೇಳಿಸಬೇಕು! (ಜೂನ್ ತಿಂಗಳಲ್ಲಿ ಮಲೆನಾಡಿನವರಿಗೆ ಅದಕ್ಕೆ ಸ್ಪೀಕರ್ ಯಾಕೋ, ಅದು ಬೇರೆ ಮಾತು.)

ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಗಳಿಗೆ, 2014ರಲ್ಲಿ ಮನೆಗಳಿಗೆ ಬಂತು. ಪೆಟ್ಟಿಗೆಯ ಮೇಲೆ 5.1.2 ಎಂದಿದ್ದರೆ ಸುತ್ತಲೂ ಐದು, ಗುಡುಗಿನಂಥ ತಗ್ಗು ಸದ್ದಿಗೆ ಒಂದು, ತಲೆಯ ಮೇಲೆ ಎರಡು ಎಂದರ್ಥ.

"ಮೇಲೆ ಏನನ್ನೂ ಕಟ್ಟುವುದು ಬೇಡ, ಈ ಸ್ಪೀಕರ್ ಸದ್ದನ್ನು ಸೂರಿಗೆ ಹೊಡೆದು ಕೆಳಗೆ ಕಳಿಸುತ್ತದೆ" ಎಂದರು ಅಂಗಡಿಯವರು. ಮಗಳು ಒಪ್ಪಲಿಲ್ಲ. "ಅಪ್ಪಾ, ನಮ್ಮದು ಇಳಿಜಾರು ಮಾಡು. ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ. ಸದ್ದು ಸೋಫಾಕ್ಕೆ ಬರುವ ಬದಲು ಅಡುಗೆಮನೆಗೆ ಹೋಗುತ್ತೆ." ನಿಜ, ಅಂಥವಕ್ಕೆ ಸಮತಟ್ಟಾದ ಗಟ್ಟಿ ಛಾವಣಿಯೇ ಬೇಕು. ಉಳಿದದ್ದು ತೊಲೆಗೆ ಎರಡು ಪುಟ್ಟ ಸ್ಪೀಕರ್ ತೂಗುಹಾಕುವ ದಾರಿ.

ಕೊಳ್ಳುವ ಮೊದಲು ಒಂದು ಪ್ರಯೋಗ. ಅಜ್ಜಿ ಕಣ್ಣುಮುಚ್ಚಿ ಕುಳಿತರು, ಮೊಮ್ಮಗಳು ಬೀಗದ ಕೈಗೊಂಚಲು ಅಲ್ಲಾಡಿಸಿದಳು. ಎಡ, ಬಲ ಸರಿಯಾಗಿ ಹೇಳಿದರು. ನಡುನೆತ್ತಿಯ ಮೇಲೆ ಅಲ್ಲಾಡಿಸಿದಾಗ "ಹಿಂದೆ" ಎಂದರು. ಎಡಬಲದ ಸದ್ದು ಎರಡು ಕಿವಿಗಳನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತಲುಪುತ್ತದೆ. ಮೆದುಳಿಗೆ ಅಷ್ಟು ಸಾಕು. ನೆತ್ತಿಯ ಸದ್ದು ಎರಡಕ್ಕೂ ಒಟ್ಟಿಗೇ ಬರುತ್ತದೆ. ಆಗ ದಿಕ್ಕು ತಿಳಿಸುವುದು ಹೊರಗಿವಿಯ ಮಡಿಕೆಗಳು, ಅದೂ ಮುಖ್ಯವಾಗಿ ಹೆಚ್ಚು ಆವರ್ತನದ ಸದ್ದಿನಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಅದನ್ನೇ. ಸ, ಶ, ತ ಮುಂತಾದ ವ್ಯಂಜನಗಳ ಸ್ಪಷ್ಟತೆಯೂ ಅಲ್ಲಿಯೇ ಇದೆ.

"ಮೇಲೆ ಕೆಳಗೆ ಹಾಗಿರಲಿ ಪುಟ್ಟೀ, ಟೀವಿಯವರು ಆಡುವ ಮಾತೇ ನಂಗೆ ತಿಳಿಯಲ್ಲ" ಎಂದರು ಅಜ್ಜಿ.

ಮನೆಯವರು ಸುಮ್ಮನಾದರು. ಎರಡು ವರ್ಷದಿಂದ ಅವರು ಅರ್ಧ ಚಿತ್ರಕ್ಕೇ ಎದ್ದು ಹೋಗುವುದು ನಿದ್ದೆಗೆಂದು ಎಲ್ಲರೂ ತಿಳಿದಿದ್ದರು.

ಚಿತ್ರದ ಮಾತು ಬಹುಪಾಲು ಬರುವುದು ಪರದೆಯ ಬಳಿಯ ನಡು ಸ್ಪೀಕರಿನಿಂದ. ನೆತ್ತಿಯ ಎರಡನ್ನು ಬಿಡೋಣ, ಆ ಹಣವನ್ನೂ ಸೇರಿಸಿ ಒಳ್ಳೆಯ ನಡು ಸ್ಪೀಕರ್ ತರೋಣ ಎಂದವಳು ಮಗಳೇ. ಹೇಳುವಾಗ ಮುಖ ಸಣ್ಣದಾಗಿತ್ತು. ಅಪ್ಪ ತೊಲೆಯವರೆಗೆ ತಂತಿ ಮಾತ್ರ ಎಳೆಸಿಟ್ಟರು. ಅಜ್ಜಿಯನ್ನು ಶಿವಮೊಗ್ಗದ ಕಿವಿ ವೈದ್ಯರಿಗೂ ತೋರಿಸಿದರು.

ಮೊದಲ ರಾತ್ರಿ ಅಜ್ಜಿ ಚಿತ್ರ ಮುಗಿಯುವವರೆಗೂ ಕುಳಿತಿದ್ದರು. ಎದ್ದವರೇ, "ಇಷ್ಟು ಕೆಟ್ಟ ಕಥೆನಾ ನೀವೆಲ್ಲ ನೋಡ್ತಿದ್ದದ್ದು?" ಎಂದರು.