ಹದಿಮೂರು ಚೀಲ ಭತ್ತ

ನನ್ನ ಗೆಳೆಯನೊಬ್ಬ ಕಂಪ್ಲಿಯಲ್ಲಿ ವಿಮಾನ ಕಟ್ತಿದಾನೆ. ನಗಬೇಡಿ, ಆಟಿಕೆ ಅಲ್ಲ, ಒಬ್ಬ ಆಳು ಕೂತು ಹಾರುವಂಥದ್ದು. ಹೊಸಪೇಟೆಯಲ್ಲಿ ಪಿಯುಸಿ ಓದುವಾಗಿಂದ ಇಬ್ಬರೂ ಥರ್ಮಾಕೋಲ್ ವಿಮಾನ ಮಾಡಿ, ಸಂಡೂರಿನ ಗುಡ್ಡದ ಕುರುಚಲಲ್ಲಿ ಒಂದೊಂದಾಗಿ ಕಳಕೊಂಡವರು. ನಾನು ಬಿಇ ಮುಗಿಸಿ ಬೆಂಗಳೂರಲ್ಲಿ ಕೋಡ್ ಬರೆಯೋಕೆ ಕೂತೆ. ಅವನು ಊರಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲೇ ಈಗ ರೆಕ್ಕೆ ಬೆಳೀತಿರೋದು.

ನಾನು ಫೋನಿನಲ್ಲಿ ಸಲಹೆ ಕೊಡ್ತೀನಿ, ಅವನು ಕೇಳೋದಿಲ್ಲ.

ಮೊದಲ ಜಗಳ ಪೈಪಿನದು. ರೆಕ್ಕೆಯ ಉದ್ದಕ್ಕೂ ಹೋಗುವ ಸ್ಪಾರ್ ಅಂದರೆ ಮನೆಗೆ ತೊಲೆ ಇದ್ದ ಹಾಗೆ. ಅದಕ್ಕೆ ಅವನು ಹೊಸಪೇಟೆಯಿಂದ ತಂದದ್ದು ಕಿಟಕಿಗೆ ಹಾಕುವ 6063 ಅಲ್ಯೂಮಿನಿಯಂ. ವಿಮಾನಕ್ಕೆ ಬೇಕಾದ್ದು 6061-ಟಿ6. ನೋಡೋಕೆ ಎರಡೂ ಒಂದೇ ಥರ, ಭಾರ ಬಿದ್ದಾಗ ಮಾತ್ರ ಬೇರೆ ಬೇರೆ.

"ಮುಂಬೈದಾಗ ಅಮೋಲ್ ಯಾದವ್ ತಾರಸಿ ಮ್ಯಾಲೆ ಕಟ್ಟಲಿಲ್ಲೇನಲೇ?"

ಕಟ್ಟಿದರು. ಆದರೆ ಅವರು ವೃತ್ತಿಯಿಂದಲೇ ಪೈಲಟ್, ನೋಂದಣಿ ಸಿಗೋಕೆ ವರ್ಷಗಟ್ಟಲೆ ಅಲೆದು 2017 ಆಯ್ತು. ಬೆಂಗಳೂರಿನ ಎನ್‌ಎಎಲ್‌ನಂಥ ಎನ್‌ಎಎಲ್ ಕೂಡ ಹಂಸ ವಿಮಾನಕ್ಕೆ ಮೊದಲು, ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ್ದ ಲಾಂಗ್-ಈಝಿ ನಕ್ಷೆ ಹಿಡಿದು ಒಂದನ್ನು ಕಟ್ಟಿ 1987ರಲ್ಲಿ ಹಾರಿಸಿತ್ತು. ನೀನ್ಯಾವ ನಕ್ಷೆ ಹಿಡಿದಿದೀಯ, ಡಿಜಿಸಿಎ ಅನುಮತಿ ಎಲ್ಲಿ ಅಂದೆ. "ಅಂಜನಾದ್ರಿಯಾಗ ಹುಟ್ಟಿದಾತ ಯಾರ ಪರ್ಮಿಷನ್ ಕೇಳಿ ಹಾರಿದ್ದ?" ಅಂದ. ಇದಕ್ಕೆ ಯಾವ ಎಂಜಿನಿಯರಿಂಗ್ ಕಾಲೇಜಲ್ಲೂ ಉತ್ತರ ಹೇಳಿಕೊಡಲ್ಲ.

ಸಂಕ್ರಾಂತಿಗೆ ಹೋದಾಗ ಅವನ ಹೆಂಡತಿ ಚಹಾ ಕೊಡ್ತಾ ಮೆಲ್ಲಗೆ ಕೇಳಿದಳು. "ಅಣ್ಣಾ, ನೀವು ಓದಿದೋರು. ಇದರಾಗ ಇವರು ಕುಂತ್ರೆ ಏನೂ ಆಗಲ್ಲ ಹೌದಲ್ಲೋ?"

ಚಹಾ ಬಿಸಿ ಇದೆ ಅಂತ ಊದುತ್ತಾ ಕೂತೆ. ಯಾಕಂದ್ರೆ ಈ ವಿಮಾನದ ಮೊಟ್ಟಮೊದಲ ಚಿತ್ರ ಬಿಡಿಸಿದ್ದೇ ನಾನು, ಅವನ ಮದುವೆಗೂ ಮುಂಚೆ ಒಂದು ರಾತ್ರಿ, ತಮಾಷೆಗೆ. ಅದು ಆಕೆಗೆ ಗೊತ್ತಿಲ್ಲ.

ಅವತ್ತೇ ಹಟ ಹಿಡಿದೆ. ನೀನು ಕೂರೋ ಮೊದಲು ಭತ್ತ ಕೂರಿಸಿ ನೋಡೋಣ. ವಿಮಾನ, ಅವನು, ಪೆಟ್ರೋಲು ಸೇರಿ 250 ಕಿಲೋ. ಸಣ್ಣ ವಿಮಾನ ತನ್ನ ತೂಕದ 3.8 ಪಟ್ಟು ತಾಳಬೇಕು ಅನ್ನೋದು ರೂಢಿಯ ಲೆಕ್ಕ, ಅಂದರೆ 950 ಕಿಲೋ. 75 ಕಿಲೋದ ಹದಿಮೂರು ಚೀಲ. (ಅದರ ಮೇಲೆ ಒಂದೂವರೆ ಪಟ್ಟು ಸುರಕ್ಷತೆಗೆ ಅಂತ ಬೇರೆ ಇದೆ. ಅದನ್ನ ಹೇಳೋಕೇ ಹೋಗಲಿಲ್ಲ.) ನನ್ನ ಬಾಯಿ ಮುಚ್ಚಿಸೋಕೆ ಅಂತಲೇ ಒಪ್ಪಿದ.

ಗಾಳಿಯಲ್ಲಿ ರೆಕ್ಕೆಯನ್ನು ಕೆಳಗಿಂದ ನೂಕೋದರಿಂದ, ನೆಲದ ಮೇಲೆ ಅದನ್ನ ಬೋರಲು ಹಾಕಿ ಭಾರ ಹೇರಬೇಕು. ಎರಡೂ ರೆಕ್ಕೆ ಜೋಡಿಸಿ, ನಡುವೆ ಎತ್ತಿ ಕಟ್ಟಿ, ಭತ್ತವನ್ನ ಅರ್ಧರ್ಧ ಚೀಲ ಮಾಡಿ ಎಡಕ್ಕೊಂದು ಬಲಕ್ಕೊಂದು ಇಡ್ತಾ ಹೋದೆವು. ಬುಡಕ್ಕೆ ಹೆಚ್ಚು, ತುದಿಗೆ ಕಡಿಮೆ. ನಾಲ್ಕು ಚೀಲಕ್ಕೆ ಏನೂ ಆಗಲಿಲ್ಲ, ನನ್ನ ಕಡೆ ನೋಡಿ ನಕ್ಕ. ಆರಕ್ಕೆ ತುದಿ ಗೇಣುದ್ದ ಬಾಗಿತು. ನಗು ನಿಂತಿತು. ಏಳನೆಯದರ ಎರಡನೇ ಅರ್ಧ ಇಟ್ಟು ಕೈ ತೆಗೆದೆವೋ ಇಲ್ಲವೋ, ಟಕ್ ಅಂತು. ಎಡರೆಕ್ಕೆ ಬೋಲ್ಟಿನ ತೂತಿನ ಹತ್ತಿರ ಮಡಚಿಕೊಂಡು ನೆಲಕ್ಕೆ ಬಿತ್ತು. ಚೀಲ ಒಡೆದು ಭತ್ತ ಶೆಡ್ಡಿನ ತುಂಬ.

ಏಳು ಚೀಲ, 525 ಕಿಲೋ. ವಿಮಾನವನ್ನ 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆ ಮೇಲಿನ ಭಾರ ಎರಡರಷ್ಟಾಗುತ್ತೆ, ಅಂದರೆ 500. ಹಂಪಿ ಹತ್ತಿರ ಹೊಳೆ ಮೇಲೆ ಬಿಗಿಯಾಗಿ ಒಂದು ಸುತ್ತು ಹೊಡೀತೀನಿ ಅಂತ ಅವನು ಹೇಳ್ತಾ ಬಂದಿದ್ದು ಅಂಥದ್ದೇ ಸುತ್ತು. ಲೆಕ್ಕ ಅವನಿಗೂ ಬರುತ್ತೆ. ನಾನು ಬಾಯಿ ಬಿಡಲಿಲ್ಲ.

ಅವನ ಹೆಂಡತಿ ಮೊರ ತಂದು ಕೂತು ಭತ್ತ ಬಳಿಯತೊಡಗಿದಳು. ಏನೂ ಕೇಳಲಿಲ್ಲ. ಅವನು ಬಿರುಕಿನಲ್ಲಿ ಬೆರಳಾಡಿಸಿ, "ತೂತು ಇಲ್ಲಿ ಹಾಕಬಾರದಿತ್ತು" ಅಂದ. ಪೈಪಿನ ಮಾತು ಎತ್ತಲೇ ಇಲ್ಲ.

ಎರಡು ವಾರ ಬಿಟ್ಟು ರಾತ್ರಿ ಹನ್ನೊಂದಕ್ಕೆ ಫೋನ್.

"6061 ಬೆಂಗಳೂರಾಗ ಎಲ್ಲಿ ಸಿಗುತ್ತಲೇ?"

ಖುಷಿಯಿಂದ ಎದ್ದು ಕೂತೆ. ಹುಡುಕಿ ಹೇಳ್ತೀನಿ ಅಂದೆ.

"ಆದ್ರ ಎಂಜಿನ್ ಮಾತ್ರ ಬೈಕಿಂದೇ ಹಾಕಾವ. ಅದರಾಗ ನೀ ಬಾಯಿ ಹಾಕಬ್ಯಾಡ."