ಮಾಸ್ತರು ಕಂಡ ಬೊಂಬಾಯಿ

ಕೊಂಕಣ ರೈಲು ಇನ್ನೂ ಪೂರ್ತಿಯಾಗದ ಕಾಲ. ಕುಮಟಾ ಕಡೆಯವರು ಮುಂಬೈ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಮೈ ಕುಲುಕಿಸಿಕೊಂಡೇ ಬರಬೇಕಿತ್ತು. ನನ್ನ ಕೋಣೆಯ ಗೆಳೆಯನ ಅಪ್ಪ ಹಾಗೆ ಬಂದಿಳಿದದ್ದು ಒಂದು ಶನಿವಾರ. ಆಯುಷ್ಯವಿಡೀ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಗೆಳೆಯನಿಗೆ ಅಪ್ಪ, ಉಳಿದವರಿಗೆಲ್ಲ ಮಾಸ್ತರು. ಮಾತುಂಗದ ಆ ಕೋಣೆಯಲ್ಲಿ ಇದ್ದ ಒಂದೇ ಮಂಚವನ್ನು ಅವರಿಗೆ ಬಿಟ್ಟು ನಾವು ಚಾಪೆ ಹಾಸಿಕೊಂಡೆವು. ಭಾನುವಾರ ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಅವರದು ಒಂದೇ ಮಾತು: "ಪಾಠದಲ್ಲಿ ಹೇಳಿದ್ದನ್ನ ಒಮ್ಮೆ ಕಣ್ಣಾರೆ ನೋಡ್ಬೇಕು ಮಾರಾಯಾ. ತಿಂಡಿ, ಊಟ ನಿಮಗೆ ಬಿಟ್ಟದ್ದು."

ಬೆಳಿಗ್ಗೆ ಲೋಕಲ್ ಹತ್ತಿ ವಿ.ಟಿ.ಯಲ್ಲಿ ಇಳಿದೆವು. ದಿನಾ ಅದೇ ನಿಲ್ದಾಣದಲ್ಲಿ ಓಡೋಡಿ ಹೊರಬೀಳುತ್ತಿದ್ದ ನಾವು ಆ ಕಟ್ಟಡವನ್ನು ತಲೆಯೆತ್ತಿ ನೋಡಿದ್ದೇ ಕಡಿಮೆ. ಮಾಸ್ತರು ರಸ್ತೆ ದಾಟಿ ನಿಂತು, ಗುಮ್ಮಟದಿಂದ ಕೆಳಗಿನ ಕಲ್ಲಿನ ಕೆತ್ತನೆಯವರೆಗೆ ನಿಧಾನವಾಗಿ ಕಣ್ಣು ಹಾಯಿಸಿದರು. ಆಮೇಲೆ ತರಗತಿಯ ದನಿಯಲ್ಲೇ ಹೇಳಿದರು: "1853ನೇ ಇಸವಿ, ಏಪ್ರಿಲ್ 16. ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್." ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಅಲ್ಲಿಂದಲೇ; ಈ ಕಟ್ಟಡ ಎದ್ದದ್ದು ನಂತರ. ಎಷ್ಟು ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದ್ದರೋ, ಆ ಜಾಗದಲ್ಲಿ ನಿಂತದ್ದು ಅಂದೇ ಮೊದಲು.

ಧೋಬಿ ತಲಾವ್‌ವರೆಗೆ ನಡೆದು ಕಯಾನಿಗೆ ಹೋದೆವು. 1904ರಿಂದ ನಡೆದುಬಂದ ಇರಾನಿ ಹೋಟೆಲು. ಚೌಕುಳಿ ಬಟ್ಟೆಯ ಮೇಲೆ ಗಾಜು ಹೊದಿಸಿದ ಮೇಜು, ಬೆನ್ನು ಬಾಗಿದ ಮರದ ಕುರ್ಚಿ. ಮಾವಾ ಕೇಕಿಗೆ ಮೊಟ್ಟೆ ಬೀಳುತ್ತದೆ ಎಂದು ಮೊದಲೇ ಹೇಳಿದೆವು. ಮಾಸ್ತರು ಬನ್ ಮಸ್ಕಾ ಸಾಕೆಂದರು. ಬಿಸಿ ಚಹಾದಲ್ಲಿ ಬನ್ನು ಅದ್ದುವುದನ್ನು ಮಗ ತೋರಿಸಿಕೊಟ್ಟ. ಬೆಣ್ಣೆ ಕರಗಿ ಚಹಾದ ಮೇಲೆ ಹಳದಿ ಚುಕ್ಕೆಗಳಾಗಿ ತೇಲಿತು. ಅವರು ಇನ್ನೊಂದು ತರಿಸಿದರು, ಅದನ್ನೂ ಅದ್ದಿಯೇ ತಿಂದರು.

ಅಲ್ಲಿಂದ ಡಬಲ್ ಡೆಕ್ಕರ್. ಪುಣ್ಯಕ್ಕೆ ಮಹಡಿಯ ಮುಂದಿನ ಸೀಟೇ ಸಿಕ್ಕಿತು. ಭಾನುವಾರದ ಫೋರ್ಟ್ ಖಾಲಿ ಖಾಲಿ. ತೆರೆದ ಕಿಟಕಿಯಿಂದ ಗಾಳಿ ನುಗ್ಗಿ ಮಾಸ್ತರರ ಧೋತರದ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ರಾಜಾಬಾಯಿ ಗೋಪುರ ಕಂಡಾಗ ನನಗೆ ಗೊತ್ತಿದ್ದ ಕತೆ ಹೇಳಿದೆ. 1878ರಲ್ಲಿ ಮುಗಿದ ಈ ಗಡಿಯಾರ ಗೋಪುರಕ್ಕೆ ಹಣ ಕೊಟ್ಟವರು ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ಹೆಸರು ಅವರ ತಾಯಿಯದು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟವಾಗಬೇಕು, ಗಂಟೆಯ ಸದ್ದೇ ಅವರಿಗೆ ಹೊತ್ತು ತಿಳಿಸುತ್ತಿತ್ತು ಎಂದು ಮುಂಬೈಯಲ್ಲಿ ಹೇಳುತ್ತಾರೆ. "ಅಮ್ಮನ ಊಟಕ್ಕೆ ಕಟ್ಟಿಸಿದ ಗಡಿಯಾರ," ಎಂದು ಮಾಸ್ತರು ಮಗನ ಮುಖ ನೋಡಿದರು.

ಗೇಟ್‌ವೇ ಎದುರು ನಮಗೇ ಪಾಠವಾಯಿತು. ಐದನೇ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಕೆಲಸ ಮುಗಿದದ್ದು 1924ರಲ್ಲಿ, ಬ್ರಿಟಿಷರ ಕೊನೆಯ ಪಡೆ 1948ರ ಫೆಬ್ರುವರಿ 28ರಂದು ಇದೇ ಕಮಾನಿನಡಿ ನಡೆದು ಹಡಗು ಹತ್ತಿದ್ದು. ಪಕ್ಕದಲ್ಲಿ ಫೋಟೊ ತೆಗೆಯುವವನೂ ಕ್ಯಾಮೆರಾ ಇಳಿಸಿ, ಕನ್ನಡ ಬಾರದಿದ್ದರೂ ಅವರ ಕೈಸನ್ನೆ ನೋಡುತ್ತ ನಿಂತ. ಜಹಾಂಗೀರ್ ಆರ್ಟ್ ಗ್ಯಾಲರಿಗೂ ಹೊಕ್ಕು ಬಂದೆವು. 1952ರ ಆ ಗ್ಯಾಲರಿಗಾಗಿ ಒತ್ತಾಯಿಸಿದವರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಒಬ್ಬರು ಎಂದಾಗ ಮಾಸ್ತರರಿಗೆ ತಮ್ಮ ಮನೆಯವರೇ ಕಟ್ಟಿಸಿದಷ್ಟು ಹಿಗ್ಗು.

ಊಟಕ್ಕೆ ಮಾತುಂಗಕ್ಕೇ ವಾಪಸು. ನಿಲ್ದಾಣದ ಹೊರಗೆ, ಮಹಡಿಯ ಮೇಲೆ, ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್; 1942ರಿಂದ ಹಸಿದವರಿಗೆ ಬಡಿಸುತ್ತ ಬಂದ ಜಾಗ. ನಮ್ಮಂಥ ಒಂಟಿ ಹುಡುಗರಿಗೆ ಅದು ಊರಿನ ಪಡಸಾಲೆ. ಸರದಿ ಬಂದು ಕೂತೆವು, ಬಾಳೆಲೆ ಬಿತ್ತು, ಪಲ್ಯ ಬಂತು, ಹಪ್ಪಳ ಬಂತು. ಸಾರಿನ ಒಗ್ಗರಣೆಯ ಪರಿಮಳಕ್ಕೆ ಮಾಸ್ತರು ಕಣ್ಣು ಮುಚ್ಚಿದರು. ಬಡಿಸುವ ಹುಡುಗ ಕನ್ನಡದಲ್ಲೇ "ಅನ್ನ ಹಾಕಲಾ ಅಜ್ಜಾ?" ಎಂದ. ಅಷ್ಟು ಸಾಕಾಯಿತು.

"ಯಾವೂರು?"

"ಕುಂದಾಪುರ ಬದಿ."

"ಎಷ್ಟನೇ ಇಯತ್ತೆ ಆಗಿದೆ?"

ಏಳಕ್ಕೇ ಬಿಟ್ಟು ಬಂದವನಂತೆ, ಈಗ ರಾತ್ರಿ ಶಾಲೆಗೆ ಹೋಗುತ್ತಿದ್ದಾನಂತೆ, ಗಣಿತ ಕಷ್ಟವಂತೆ. ಅನ್ನದ ಬೋಗುಣಿ ಹಿಡಿದು ನಿಂತವನಿಗೆ ಮಾಸ್ತರು ಎಲೆಯ ತುದಿಯಲ್ಲಿ ಮಜ್ಜಿಗೆಯಿಂದಲೇ ಗೆರೆ ಎಳೆದು ಭಿನ್ನರಾಶಿ ಕೂಡಿಸುವುದನ್ನು ತೋರಿಸಿದರು. ಸಾಲಿನಲ್ಲಿ ಕಾದವರು ಯಾರೂ ಗೊಣಗಲಿಲ್ಲ. ಹುಡುಗ ಮುಂದಿನ ಎಲೆಗೆ ಹೋದವನು ಮತ್ತೆ ಬಂದು ಅವರಿಗೊಂದು ಸೌಟು ತುಪ್ಪ ಹೆಚ್ಚಿಗೆ ಹಾಕಿ ಹೋದ. ಕರಾವಳಿಯ ಎಷ್ಟೋ ಹುಡುಗರು ಹಗಲು ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತು ಮೇಲೆ ಬಂದವರು. ನಾವು ಅದನ್ನು ಭಾಷಣಗಳಲ್ಲಿ ಕೇಳಿದ್ದೆವು. ಮಾಸ್ತರು ಹದಿನೈದು ನಿಮಿಷದ ಊಟದಲ್ಲಿ ಒಬ್ಬನನ್ನು ಹುಡುಕಿ ಮಾತಾಡಿಸಿದರು. ಅವರ ದೊಡ್ಡತನ ನನಗೆ ತಿಳಿದದ್ದು ಆಗ.

ಸಂಜೆ ಚೌಪಾಟಿ, ಮರಳಿನ ಮೇಲೆ ಭೇಲ್. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ತಿಂದೆವು. ಮೆರೀನ್ ಡ್ರೈವ್‌ನ ದೀಪ ಹತ್ತುವವರೆಗೆ ಕೂತು ಎದ್ದೆವು. ಮರುದಿನ ರಾತ್ರಿ ಬಸ್ಸಿಗೆ ಹೊರಟಾಗ ಮಾಸ್ತರು ಹಳೆಯ ಗಣಿತ ಪುಸ್ತಕವೊಂದನ್ನು ಆ ಹುಡುಗನಿಗೆ ಊರಿನಿಂದ ಕಳಿಸುವುದಾಗಿ ಹೇಳಿದರು, ಕಳಿಸಿದರು ಕೂಡ. ನಾನೇ ಒಯ್ದು ಕೊಟ್ಟೆ.

ಮಾಸ್ತರು ಈಗ ಇಲ್ಲ. ಗೆಳೆಯ ಪರದೇಶದಲ್ಲಿದ್ದಾನೆ, ಫೋನು ಮಾಡಿದಾಗಲೆಲ್ಲ ಆ ಭಾನುವಾರದ ಮಾತು ಬಂದೇ ಬರುತ್ತದೆ. ಕಿಟಕಿ ತೆರೆದ ಹಳೆಯ ಡಬಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರ್‌ನಲ್ಲಿ ರಸ್ತೆ ಬಿಟ್ಟವು. ಈಗಿನ ವಿದ್ಯುತ್ ಬಸ್ಸುಗಳು ಹವಾನಿಯಂತ್ರಿತ. ತಂಪಿದೆ, ಆ ಗಾಳಿಯಿಲ್ಲ. ರಾತ್ರಿ ಶಾಲೆಗಳು ಹಲವು ಮುಚ್ಚಿವೆ.

ಊರಿನಿಂದ ಅಪ್ಪ ಅಮ್ಮ ಬಂದರೆ ಮಾಲ್‌ಗಳಿಗೆ ಸುತ್ತಾಡಿಸಬೇಡಿ. ಒಂದು ಭಾನುವಾರ ಪೂರ್ತಿ ಅವರಿಗೆ ಕೊಡಿ, ಅವರು ಓದಿದ್ದನ್ನು, ಕೇಳಿದ್ದನ್ನು ತೋರಿಸಿ, ಮಧ್ಯಾಹ್ನ ಮಾತುಂಗಕ್ಕೆ ಕರೆದುಕೊಂಡು ಬನ್ನಿ. ಸಾಲು ಉದ್ದವಿರುತ್ತದೆ, ಸ್ವಲ್ಪ ಬೇಗ ಹೊರಡಿ. ಬಡಿಸುವವರ ಊರು ಯಾವುದೆಂದು ಕೇಳುವುದನ್ನು ಮಾತ್ರ ಮರೆಯಬೇಡಿ.